ಎಲ್ಲಿಡಲಿ ಅಂತ ಕೇಳುವ ಯಂತ್ರ

ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನ ಯಾವ ಸೈಬರ್ ಸೆಂಟರ್‌ನಲ್ಲಾದರೂ ಸ್ವಲ್ಪ ಹೊತ್ತು ಕೂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ಅಣ್ಣ, ಸೇವ್ ಮಾಡಿದ್ನಲ್ಲ, ಎಲ್ಲೋಯ್ತು?” ಸ್ಕಾಲರ್‌ಶಿಪ್ ಅರ್ಜಿ, ಬ್ಯಾಂಕ್ ಪರೀಕ್ಷೆ, ಕಾಲೇಜು ದಾಖಲಾತಿ ಎಲ್ಲಾ ಒಟ್ಟಿಗೆ ಬಂದ ತಿಂಗಳಲ್ಲಂತೂ ಇದೇ ರಾಗ. ಹೀಗೆ ಕೇಳುವವರು ಕಂಪ್ಯೂಟರ್ ಕಂಡರೆ ಹೆದರುವ ವಯಸ್ಸಾದವರು ಅಂದುಕೊಳ್ಳಬೇಡಿ. ಬಿ.ಕಾಂ. ಮುಗಿಸಿದವರು, ಮೂರು ತಿಂಗಳ ಕೋರ್ಸಿನ ಪ್ರಮಾಣಪತ್ರ ಇರುವವರು, ಮೊಬೈಲಿನಲ್ಲಿ ಕಣ್ಮುಚ್ಚಿ ಬಿಡುವುದರೊಳಗೆ ವಿಡಿಯೊ ಕತ್ತರಿಸಿ, ಹಾಡು ಸೇರಿಸಿ ಸ್ಟೇಟಸ್‌ಗೆ ಹಾಕುವವರು. ಅವರನ್ನು ಕಂಪ್ಯೂಟರ್ ಬಾರದವರು ಅನ್ನಲಾಗದು. ಆದರೂ ತಾವೇ ಮಾಡಿದ ಫೈಲು ತಮಗೇ ಸಿಗುವುದಿಲ್ಲ.

ಇದಕ್ಕೆ ದಡ್ಡತನ ಕಾರಣವಲ್ಲ. ಫೋನು ಯಾವತ್ತೂ ‘ಎಲ್ಲಿಡಲಿ’ ಅಂತ ಕೇಳುವುದಿಲ್ಲ. ಫೋಟೊ ತೆಗೆದರೆ ಗ್ಯಾಲರಿಯಲ್ಲಿರುತ್ತದೆ, ಬಂದ ಕಾಗದ ವಾಟ್ಸಾಪ್‌ನಲ್ಲೇ ಇರುತ್ತದೆ. ಬೇಕಾದಾಗ ಮೇಲಕ್ಕೆ ಎಳೆದು ಹುಡುಕಿದರೆ ಆಯಿತು. ಕಂಪ್ಯೂಟರ್ ಮಾತ್ರ ಹೊಸ ಫೈಲು ಸೇವ್ ಮಾಡುವಾಗ ಕೇಳುತ್ತದೆ: ಯಾವ ಹೆಸರಿನಲ್ಲಿ, ಯಾವ ರೂಪದಲ್ಲಿ, ಯಾವ ಜಾಗದಲ್ಲಿ ಇಡಲಿ ಅಂತ. ಆ ಪ್ರಶ್ನೆ ಓದದೆ ಸೇವ್ ಒತ್ತುವುದು ಫೋನಿನಿಂದ ಬಂದ ಅಭ್ಯಾಸ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ವರ್ಷಗಟ್ಟಲೆ ಕಡತ ಜೋಡಿಸಿದ ಗುಮಾಸ್ತರಿಗೆ ಮೌಸ್ ಹಿಡಿಯೋದೇ ಕಷ್ಟವಾಗಿದ್ದರೂ, ಫೋಲ್ಡರಿನೊಳಗೆ ಫೋಲ್ಡರ್ ಎಂಬುದು ಇಪ್ಪತ್ತರ ಹುಡುಗರಿಗಿಂತ ಬೇಗ ಅರ್ಥವಾಗುತ್ತದೆ. ಆದರೆ ಬಹಳಷ್ಟು ಕಡೆ ಪಾಠ ಶುರುವಾಗುವುದು ಸಿಪಿಯು ಎಂದರೇನು, ಇನ್‌ಪುಟ್ ಸಾಧನಗಳು ಯಾವುವು ಅನ್ನುವಲ್ಲಿಂದ. ಬಾಯಿಪಾಠ ಮಾಡಿ ಪಾಸಾದ ಮೇಲೂ ಫೈಲು ಎಲ್ಲಿ ಎಂಬುದು ಗೊತ್ತಾಗಿರುವುದಿಲ್ಲ. ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ಬಂದದ್ದು 2012ರಲ್ಲಿ. ಪರೀಕ್ಷೆ ಪಾಸಾಗಿದ್ದೂ ಪಿಡಿಎಫ್ ಲಗತ್ತಿಸಲು ಪಕ್ಕದ ಮೇಜಿನ ಹುಡುಗನನ್ನು ಕರೆಯುವವರು ಯಾವ ಕಚೇರಿಯಲ್ಲಿಲ್ಲ ಹೇಳಿ.

ಸೇವ್ ಒತ್ತುವ ಮುಂಚೆ

ವರ್ಡ್‌ನಲ್ಲಿ ಹೊಸ ಪತ್ರ ಬರೆದು ಕಂಟ್ರೋಲ್ ಎಸ್ ಒತ್ತಿದರೆ ಈಗಿನ ಆವೃತ್ತಿಗಳಲ್ಲಿ ಒಂದು ಪುಟ್ಟ ಚೌಕ ತೆರೆಯುತ್ತದೆ. ಮೇಲೆ ಹೆಸರು, ಕೆಳಗೆ ಜಾಗ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿದ್ದರೆ ಆ ಜಾಗ ಸಾಮಾನ್ಯವಾಗಿ ಒನ್‌ಡ್ರೈವ್ ಆಗಿರುತ್ತದೆ. ಅಂದರೆ ಫೈಲು ಇಂಟರ್ನೆಟ್‌ನಲ್ಲಿರುವ ಖಾತೆಗೆ ಹೋಗುತ್ತದೆ. ನೀವು ಡಿ ಡ್ರೈವ್‌ನಲ್ಲಿ ಹುಡುಕುತ್ತಾ ಕೂತಿರುತ್ತೀರಿ. ಇದಕ್ಕೆ ಸುಲಭ ಉಪಾಯ ಎಫ್12 ಕೀಲಿ (ಲ್ಯಾಪ್‌ಟಾಪ್ ಆದರೆ ಕೆಲವದರಲ್ಲಿ ಎಫ್‌ಎನ್ ಜೊತೆಗೆ ಒತ್ತಬೇಕು). ವರ್ಡ್, ಎಕ್ಸೆಲ್ ಎರಡರಲ್ಲೂ ಇದು ನೇರವಾಗಿ ದೊಡ್ಡ ಸೇವ್ ಆ್ಯಸ್ ಕಿಟಕಿ ತೆರೆಯುತ್ತದೆ. ಅದರ ನೆತ್ತಿಯ ಮೇಲಿನ ಉದ್ದ ಪಟ್ಟಿಯಲ್ಲಿ ಫೈಲು ಹೋಗುವ ದಾರಿ ಬರೆದಿರುತ್ತದೆ. ಅದನ್ನು ಓದಿ ಆಮೇಲೆ ಸೇವ್ ಒತ್ತಿ.

ಹೆಸರಿನದೂ ಒಂದು ತಮಾಷೆ ಇದೆ. ಹೆಸರು ಕೊಡದಿದ್ದರೆ ವರ್ಡ್ ತಾನೇ ಪತ್ರದ ಮೊದಲ ಸಾಲನ್ನು ಹೆಸರಾಗಿ ಎತ್ತಿಕೊಳ್ಳುತ್ತದೆ. ನಮ್ಮ ಅರ್ಜಿಗಳೆಲ್ಲ ‘ಇಂದ’ ಎಂದೋ ‘ಗೆ’ ಎಂದೋ ಶುರುವಾಗುವುದರಿಂದ ಫೈಲಿನ ಹೆಸರೂ ಅದೇ. ಮುಂದಿನ ಅರ್ಜಿಗೂ ಅದೇ ಹೆಸರು ಬಂದಾಗ, ಹಳೆಯದರ ಮೇಲೆ ಬರೆಯಲೇ ಎಂದು ಕೇಳುತ್ತದೆ; ಓದದೆ ಯೆಸ್ ಒತ್ತಿದರೆ ಹೋದ ತಿಂಗಳ ಅರ್ಜಿ ಅಳಿಸಿಹೋಯಿತು ಅಂತಲೇ ಲೆಕ್ಕ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ತಾರೀಕು ಮೊದಲು ಹಾಕಿ (2025-07-05) ಆಮೇಲೆ ವಿಷಯ ಬರೆದರೆ ಫೋಲ್ಡರಿನಲ್ಲಿ ಫೈಲುಗಳು ತಾವಾಗಿಯೇ ತಾರೀಕಿನ ಸಾಲಿನಲ್ಲಿ ನಿಲ್ಲುತ್ತವೆ. ದಿನವನ್ನು ಮೊದಲು ಬರೆದರೆ ಹಾಗಾಗುವುದಿಲ್ಲ. ಬೇರೆ ಬೇರೆ ತಿಂಗಳ ಐದನೇ ತಾರೀಕುಗಳೆಲ್ಲ ಒಂದೇ ಕಡೆ ಗುಂಪಾಗುತ್ತವೆ.

ಇಂಟರ್ನೆಟ್‌ನಿಂದ ಇಳಿಸಿದ್ದು ಬೇರೆ ಹೇಳದಿದ್ದರೆ ಡೌನ್‌ಲೋಡ್ಸ್ ಫೋಲ್ಡರಿಗೆ ಹೋಗುತ್ತದೆ. ಕ್ರೋಮ್ ಅಥವಾ ಎಡ್ಜ್‌ನಲ್ಲಿ ಕಂಟ್ರೋಲ್ ಜೆ ಒತ್ತಿದರೆ ಇಳಿಸಿದವುಗಳ ಪಟ್ಟಿ ಬರುತ್ತದೆ. ಪಕ್ಕದ ಫೋಲ್ಡರ್ ಚಿತ್ರ ಒತ್ತಿದರೆ ಫೈಲು ಇರುವ ಜಾಗಕ್ಕೇ ಕರೆದೊಯ್ಯುತ್ತದೆ. ಇಲ್ಲೂ ಒಂದು ಎಡವಟ್ಟು ಇದೆ. ಪಹಣಿಯನ್ನೋ ಅಂಕಪಟ್ಟಿಯನ್ನೋ ಎರಡನೇ ಸಲ ಇಳಿಸಿದರೆ ಹಳೆಯದು ಹಾಗೇ ಉಳಿದು ಹೊಸದಕ್ಕೆ ಕಂಸದಲ್ಲಿ 1 ಸೇರುತ್ತದೆ, ಮೂರನೆಯದಕ್ಕೆ 2. ಅಪ್‌ಲೋಡ್ ಮಾಡುವಾಗ ಅಂಕಿ ಇಲ್ಲದ್ದೇ ಸರಿಯಾದದ್ದು ಅಂದುಕೊಂಡು ತಿದ್ದುಪಡಿಗೆ ಮುಂಚಿನ ಪಹಣಿ ಹಾಕಿ ಅರ್ಜಿ ತಿರಸ್ಕೃತವಾಗುವುದು ಹೀಗೆಯೇ.

ಐವತ್ತು ಕೆಬಿ

ಗುಬ್ಬಿ ಕಡೆಯ ಒಬ್ಬ ಹುಡುಗಿ ಬ್ಯಾಂಕ್ ಪರೀಕ್ಷೆಯ ಅರ್ಜಿ ಹಾಕಲು ಕೂತಿದ್ದಳು. ಹೆಸರು, ವಿಳಾಸ, ಅಂಕ ಎಲ್ಲಾ ಪಟಪಟನೆ ತುಂಬಿದಳು. ಫೋಟೊ ಪುಟಕ್ಕೆ ಬಂದ ಕೂಡಲೇ ಕೆಂಪು ಅಕ್ಷರ. ಫೋನಿನಲ್ಲಿ ತೆಗೆದ ಫೋಟೊ 3 ಎಂಬಿ ಮೀರಿತ್ತು. ಅರ್ಜಿ ಕೇಳುತ್ತಿದ್ದದ್ದು 20ರಿಂದ 50 ಕೆಬಿ. ಅವಳು ಫೋಟೊದ ಅಂಚು ಕತ್ತರಿಸಿದಳು, ಮತ್ತೆ ಕೆಂಪು. ವಾಟ್ಸಾಪ್‌ನಲ್ಲಿ ತನಗೆ ತಾನೇ ಕಳಿಸಿಕೊಂಡಳು. ಚಿಕ್ಕದಾಯಿತು, ಆದರೂ ನೂರಕ್ಕಿಂತ ಜಾಸ್ತಿ. ಸಹಿಯ ಚಿತ್ರಕ್ಕೂ ಕೆಂಪು. ಅದನ್ನು ನೋಡಿ ಪಕ್ಕದ ಹುಡುಗ “ಅಕ್ಕ, ಅದು ಪಿಎನ್‌ಜಿ, ಹೆಸರು ಬದಲಾಯಿಸಿ ಜೆಪಿಜಿ ಮಾಡಿ” ಎಂದ. ಸಹಿ ಚಿತ್ರಕ್ಕೆ ಹಾಗೇ ಮಾಡಿದಳು. ಹೆಸರು ಬದಲಾಯಿತು, ಅರ್ಜಿ ಒಪ್ಪಲಿಲ್ಲ. ಕೊನೆಗೆ ಸೆಂಟರ್‌ನವನು ಬಂದು ಒಂದೇ ನಿಮಿಷದಲ್ಲಿ ಮಾಡಿಕೊಟ್ಟ, ಹೇಗೆ ಅಂತ ಮಾತ್ರ ಹೇಳಲಿಲ್ಲ. ಅವನ ಹೊಟ್ಟೆಪಾಡು ಅದೇ ಆದ್ದರಿಂದ ತಪ್ಪು ಅನ್ನಲಾರೆ.

ಆ ಒಂದು ನಿಮಿಷದಲ್ಲಿ ಅವನು ಮಾಡಿದ್ದು ಇಷ್ಟು. ಫೋಟೊದ ಮೇಲೆ ಬಲ ಕ್ಲಿಕ್ ಮಾಡಿ ಓಪನ್ ವಿತ್, ಪೇಂಟ್. ಸೆಲೆಕ್ಟ್ ತೆಗೆದುಕೊಂಡು ಮುಖ, ಭುಜದಷ್ಟು ಭಾಗದ ಸುತ್ತ ಚೌಕ ಎಳೆದು ಕ್ರಾಪ್. ಆಮೇಲೆ ಕಂಟ್ರೋಲ್ ಡಬ್ಲ್ಯೂ. ರೀಸೈಜ್ ಕಿಟಕಿ ಬರುತ್ತದೆ. ಅಲ್ಲಿ ಶೇಕಡಾವಾರು ಬಿಟ್ಟು ಪಿಕ್ಸೆಲ್ಸ್ ಆಯ್ದು ಅಗಲಕ್ಕೆ 200 ಹಾಕಬೇಕು. ಅಗಲ ಎತ್ತರದ ಅನುಪಾತ ಕಾಯುವ ಗುರುತು ತೆಗೆಯಬಾರದು. ತೆಗೆದರೆ ಮುಖ ಚಪ್ಪಟೆಯಾಗುತ್ತದೆ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆ ಕೇಳುವ ಅಳತೆ ಫೋಟೊಗೆ 200 ಅಗಲ, 230 ಎತ್ತರ; ಸಹಿಗೆ 140, 60, ಜೊತೆಗೆ 10ರಿಂದ 20 ಕೆಬಿ. ಎತ್ತರ 230ರ ಹತ್ತಿರ ಬರದಿದ್ದರೆ ಕ್ರಾಪ್ ಮಾಡುವಾಗಲೇ ಚೌಕದ ಆಕಾರ ಸರಿ ಇರಲಿಲ್ಲ ಎಂದರ್ಥ. ಕಂಟ್ರೋಲ್ ಝಡ್ ಒತ್ತಿ ಹಿಂದೆ ಹೋಗಿ ಮತ್ತೆ ಕತ್ತರಿಸಬೇಕು. ಕೊನೆಗೆ ಫೈಲ್, ಸೇವ್ ಆ್ಯಸ್, ಜೆಪೆಗ್ (ಜೆಪಿಜಿ ಎಂದರೂ ಅದೇ), ಹೊಸ ಹೆಸರು. ಮೂಲ ಫೋಟೊ ಹಾಗೇ ಇರಲಿ, ಮುಂದಿನ ಅರ್ಜಿ ಇನ್ನೊಂದು ಅಳತೆ ಕೇಳುತ್ತದೆ.

ಅಂಚು ಕತ್ತರಿಸಿದರೂ ಅವಳ ಫೋಟೊ ಯಾಕೆ ಸಾಲಲಿಲ್ಲ? ಫೋನಿನ ಫೋಟೊದಲ್ಲಿ ಅಗಲಕ್ಕೇ ಸಾವಿರಾರು ಚುಕ್ಕೆಗಳಿರುತ್ತವೆ. ಅರ್ಧ ಕತ್ತರಿಸಿದರೂ ಉಳಿದ ಅರ್ಧದಲ್ಲಿ ಅಷ್ಟೇ ದಟ್ಟ ಚುಕ್ಕೆ. ರೀಸೈಜ್ ಮಾಡಿದಾಗ ಮಾತ್ರ ಅದೇ ಮುಖವನ್ನು ಕಡಿಮೆ ಚುಕ್ಕೆಗಳಲ್ಲಿ ಬರೆದಂತಾಗುತ್ತದೆ. ಇನ್ನು ಪಿಎನ್‌ಜಿ, ಜೆಪಿಜಿ ಎಂಬುವು ಚಿತ್ರವನ್ನು ಉಳಿಸುವ ಎರಡು ಬೇರೆ ರೂಪಗಳು; ಹೆಸರಿನ ಕೊನೆಯ ಪಿಎನ್‌ಜಿಯನ್ನು ಜೆಪಿಜಿ ಎಂದು ತಿದ್ದಿದರೆ ಒಳಗಿನ ಸರಕು ಬದಲಾಗುವುದಿಲ್ಲ. ಮೇಲಾಗಿ ವಿಂಡೋಸ್ ಈ ಬಾಲವನ್ನು ಮೊದಲಿನಿಂದಲೇ ಮುಚ್ಚಿಟ್ಟಿರುತ್ತದೆ. ಹಾಗಾಗಿ ತಿದ್ದಿದ್ದು ಕೆಲವೊಮ್ಮೆ ‘ಫೋಟೊ ಡಾಟ್ ಜೆಪಿಜಿ ಡಾಟ್ ಪಿಎನ್‌ಜಿ’ ಆಗಿ ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ವಿಂಡೋಸ್ 11ರಲ್ಲಿ ಫೋಲ್ಡರ್ ತೆರೆದು ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂದು ಒತ್ತಿಟ್ಟುಕೊಂಡರೆ ಈ ಗೊಂದಲ ಇರುವುದಿಲ್ಲ. ಕಂಪ್ಯೂಟರ್ ಕೊಂಡ ದಿನವೇ ಮಾಡಬೇಕಾದ ಕೆಲಸ ಇದು.

ಕೆಳಗಿನ ಮಿತಿಯನ್ನು ಯಾರೂ ಗಮನಿಸುವುದಿಲ್ಲ. 20ರಿಂದ 50 ಎಂದರೆ 14 ಕೆಬಿ ಫೋಟೊ ಕೂಡ ತಿರಸ್ಕೃತವೇ. ಸೈಜ್ ನೋಡಲು ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ಎರಡು ಸಾಲು ಕಾಣುತ್ತವೆ: ಸೈಜ್, ಸೈಜ್ ಆನ್ ಡಿಸ್ಕ್. ಡಿಸ್ಕು ಸಾಮಾನ್ಯವಾಗಿ 4 ಕೆಬಿಯ ತುಂಡುಗಳಲ್ಲಿ ಜಾಗ ಕೊಡುವುದರಿಂದ ಎರಡನೆಯದು ಬಹುತೇಕ ಹೆಚ್ಚೇ ಇರುತ್ತದೆ. ಅರ್ಜಿಗೆ ಬೇಕಾದದ್ದು ಮೊದಲನೆಯದು. ಸಹಿಯನ್ನು ಬಿಳಿ ಹಾಳೆಯ ಮೇಲೆ ಕಪ್ಪು ಇಂಕಿನಲ್ಲಿ ಹಾಕಿ, ಕಿಟಕಿಯ ಬೆಳಕಿನಲ್ಲಿ, ಫೋನನ್ನು ಹಾಳೆಗೆ ಸಮನಾಗಿ ಹಿಡಿದು ತೆಗೆಯಬೇಕು. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಕೈಯ ನೆರಳು ಬೂದು ಮಚ್ಚೆಯಾಗಿ ಕೂರುತ್ತದೆ. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಹೆಸರು ಬರೆದದ್ದನ್ನು ಐಬಿಪಿಎಸ್ ಸಹಿ ಎಂದು ಒಪ್ಪುವುದಿಲ್ಲ.

ಕನ್ನಡ ಬರೆದರೆ ಪೌಂಡ್ ಬರುವುದೇಕೆ

ಪಂಚಾಯಿತಿಯಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಸಭಾ ನೋಟಿಸನ್ನು ಕಾಪಿ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಅಲ್ಲಿ ಕನ್ನಡ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡ್ ಗುರುತು, ಕ್ಯೂ ಹೀಗೆ ಏನೇನೋ ನಿಂತಿರುತ್ತದೆ. ವೈರಸ್ ಬಂತು ಎಂದು ಹೆದರಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದವರೂ ಇದ್ದಾರೆ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ್ದವು. ಆ ಫಾಂಟ್ ಇರುವ ಕಡೆ ಕನ್ನಡ, ಇಲ್ಲದ ಕಡೆ ಪೌಂಡ್. ಯೂನಿಕೋಡ್ ಎಂಬ ಈಗಿನ ಜಾಗತಿಕ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳಿಗೇ ಬೇರೆ ಸಂಕೇತಗಳಿವೆ, ಆದ್ದರಿಂದ ಎಲ್ಲಿಗೆ ಹೋದರೂ ಕನ್ನಡವಾಗಿಯೇ ಇರುತ್ತದೆ.

ಯಾವುದು ಯಾವುದೆಂದು ತಿಳಿಯಲು ಒಂದು ಪರೀಕ್ಷೆ: ಬರಹ ಪೂರ್ತಿ ಸೆಲೆಕ್ಟ್ ಮಾಡಿ ಫಾಂಟನ್ನು ಕ್ಯಾಲಿಬ್ರಿಗೆ ಬದಲಿಸಿ. ಕನ್ನಡ ಹಾಗೇ ಉಳಿದರೆ ಯೂನಿಕೋಡ್. ಪೌಂಡ್, ಕ್ಯೂ ಬಂದರೆ ಹಳೆಯದು. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಸಲಕರಣೆಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು, ಅದರಲ್ಲೂ ಅರ್ಕಾವತ್ತನ್ನು, ಒಮ್ಮೆ ಓದಿ ನೋಡುವುದು ಒಳ್ಳೆಯದು. ಮುದ್ರಣಕ್ಕೆ ಮಾತ್ರವಾದರೆ ಹಳೆಯ ಫಾಂಟಿನಿಂದ ತೊಂದರೆ ಇಲ್ಲ. ಆದರೆ ಯೂನಿಕೋಡ್‌ನಲ್ಲಿ ಹೆಸರು ಹೊಡೆದು ಕಂಟ್ರೋಲ್ ಎಫ್‌ನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ, ಎಕ್ಸೆಲ್‌ನಲ್ಲಿ ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ.

ಕೀಲಿಮಣೆ ಕಲಿಯುವುದಕ್ಕೆ ಜನ ಅಂಜುವಷ್ಟು ಕಷ್ಟವೇನಿಲ್ಲ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನೇ ಆಧರಿಸಿದ ನುಡಿಯ ಕೀಲಿಮಣೆಯಲ್ಲಿ ಬಹುತೇಕ ಅಕ್ಷರ ಇಂಗ್ಲಿಷ್ ಉಚ್ಚಾರಣೆಯ ಜಾಗದಲ್ಲೇ ಇವೆ. ಒತ್ತಕ್ಷರಕ್ಕೆ ನಡುವೆ ಎಫ್. ಕನ್ನಡ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ನೆನಪಿಡಬೇಕಾದದ್ದು ಡ, ಟಗಳ ಜಾಗ: ಟ ಇರುವುದು ಕ್ಯೂನಲ್ಲಿ, ಡ ಡಬ್ಲ್ಯೂನಲ್ಲಿ. ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟ್. ಏನೂ ಹಾಕಿಕೊಳ್ಳಲು ಆಗದ ಯಂತ್ರದಲ್ಲಿ ವಿಂಡೋಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್‌ನಲ್ಲಿ ಕನ್ನಡ ಸೇರಿಸಿದರೂ ಸಾಕು. ಆಮೇಲೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಇಂಗ್ಲಿಷ್. ಪಾಸ್‌ವರ್ಡ್ ತಪ್ಪು ಎಂದು ಮತ್ತೆ ಮತ್ತೆ ಬಂದಾಗ ಮೊದಲು ನೋಡಬೇಕಾದ್ದೂ ಅಲ್ಲೇ, ಕೀಲಿಮಣೆ ಕನ್ನಡದಲ್ಲಿ ನಿಂತುಬಿಟ್ಟಿರುತ್ತದೆ.

ಡೇರಿಯ ಎಕ್ಸೆಲ್ ಹಾಳೆ

ಕುಣಿಗಲ್ ತಾಲ್ಲೂಕಿನ ಒಂದು ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯೊಬ್ಬರು ಉತ್ಪಾದಕರ ಪಟ್ಟಿ ಮಾಡಿಟ್ಟಿದ್ದರು. ಒಂದು ಕಾಲಂನಲ್ಲಿ ಹೆಸರು, ಒಂದರಲ್ಲಿ ಖಾತೆ ಸಂಖ್ಯೆ, ಒಂದರಲ್ಲಿ ಆಧಾರ್, ಒಂದರಲ್ಲಿ ಲೀಟರ್. ಪಟ್ಟಿ ನೋಡಲು ಅಚ್ಚುಕಟ್ಟು. ಆಧಾರ್ ಕಾಲಂನಲ್ಲಿ ಮಾತ್ರ ಎಲ್ಲರಿಗೂ 4.23ರಂಥ ದಶಮಾಂಶ, ಅದರ ಮುಂದೆ ಇ, ಪ್ಲಸ್ 11. “ಇದೇನೋ ಕೋಡ್ ಬರ್ತದೆ ಸ್ವಾಮಿ, ಬಿಡಿ ಅಂತ ಬಿಟ್ಟಿದ್ದೀನಿ” ಎಂದರು. ಆಧಾರ್‌ನದ್ದು ಬರೀ ತೋರಿಕೆಯ ತೊಂದರೆ: 12 ಅಂಕಿ ಮುಟ್ಟಿದ ಕೂಡಲೇ ಎಕ್ಸೆಲ್ ಹೀಗೆ ಸಂಕ್ಷೇಪಿಸುತ್ತದೆ, ಒಳಗೆ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಅಪಾಯ ಇದ್ದದ್ದು ಖಾತೆ ಸಂಖ್ಯೆಯಲ್ಲಿ. ಎಕ್ಸೆಲ್ ನೆನಪಿಡುವುದು 15 ಅಂಕಿ ಮಾತ್ರ. ಕೆಲವು ಬ್ಯಾಂಕುಗಳ ಖಾತೆ ಸಂಖ್ಯೆ 16 ಅಂಕಿಯದು. ಹದಿನಾರನೆಯದನ್ನು ಅದು ಸೊನ್ನೆ ಮಾಡಿಬಿಡುತ್ತದೆ, ಒಂದು ಮಾತೂ ಹೇಳದೆ. ಸೊನ್ನೆಯಿಂದ ಶುರುವಾಗುವ ಖಾತೆಗಳ ಮುಂದಿನ ಸೊನ್ನೆಯೂ ಹೋಗುತ್ತದೆ.

ಪರಿಹಾರಕ್ಕೆ ಸಂಖ್ಯೆ ತುಂಬುವ ಮುಂಚೆಯೇ ಆ ಕಾಲಂ ಸೆಲೆಕ್ಟ್ ಮಾಡಿ, ಕಂಟ್ರೋಲ್ 1 ಒತ್ತಿ, ಟೆಕ್ಸ್ಟ್ ಆಯ್ದುಕೊಳ್ಳಬೇಕು. ತುಂಬಿದ ಮೇಲೆ ಟೆಕ್ಸ್ಟ್ ಮಾಡಿದರೆ ಹೋದ ಅಂಕಿ ವಾಪಸ್ ಬರುವುದಿಲ್ಲ. ಪಾಸ್‌ಬುಕ್ ಮುಂದಿಟ್ಟುಕೊಂಡು ಮತ್ತೆ ತುಂಬುವುದೊಂದೇ ದಾರಿ. ಖಾತೆ ಸಂಖ್ಯೆಯನ್ನು ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಹಾಗಾಗಿ ಅದು ಎಕ್ಸೆಲ್ ಪಾಲಿಗೆ ಸಂಖ್ಯೆಯಾಗಿರುವ ಅಗತ್ಯವೇ ಇಲ್ಲ. ಲೀಟರಿನದು ಇದಕ್ಕೆ ತದ್ವಿರುದ್ಧ. ಅವರು ಕೆಲವು ಕಡೆ ‘12.5 ಲೀ’ ಎಂದು ಬರೆದಿದ್ದರು. ಲೀ ಸೇರಿದ ಕೂಡಲೇ ಅದು ಅಕ್ಷರವಾಯಿತು, ಮೊತ್ತಕ್ಕೆ ಸೇರಲಿಲ್ಲ. ಎಕ್ಸೆಲ್ ದೋಷ ತೋರಿಸುವುದೂ ಇಲ್ಲ, ಸುಮ್ಮನೆ ಬಿಟ್ಟು ಕೂಡುತ್ತದೆ. ಪತ್ತೆ ಹಚ್ಚುವುದು ಸುಲಭ: ಏನೂ ಹೊಂದಿಸದ ಹಾಳೆಯಲ್ಲಿ ಸಂಖ್ಯೆ ಬಲಕ್ಕೆ, ಅಕ್ಷರ ಎಡಕ್ಕೆ ಅಂಟಿಕೊಳ್ಳುತ್ತದೆ. ಎಡಕ್ಕೆ ಅಂಟಿದ ಲೀಟರ್ ಕಂಡರೆ ಅದು ಲೆಕ್ಕಕ್ಕೆ ಬಂದಿಲ್ಲ.

ತಾರೀಕೂ ಹೀಗೇ ಮೋಸ ಮಾಡುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಪ್ರದೇಶ ಅಮೆರಿಕ ಎಂದಿದ್ದರೆ 05/07/2025 ಎಂಬುದು ಮೇ 7 ಆಗುತ್ತದೆ, 13/07/2025 ಮಾತ್ರ ತಾರೀಕೇ ಅಲ್ಲದ ಅಕ್ಷರವಾಗಿ ಎಡಕ್ಕೆ ನಿಲ್ಲುತ್ತದೆ, ಯಾಕೆಂದರೆ ಹದಿಮೂರನೇ ತಿಂಗಳಿಲ್ಲ. ಸೆಟ್ಟಿಂಗ್ಸ್‌ನ ರೀಜನ್‌ನಲ್ಲಿ ಇಂಗ್ಲಿಷ್ (ಇಂಡಿಯಾ) ಎಂದು ಬದಲಿಸಿದ ಮೇಲೆ ತುಂಬಲು ಶುರು ಮಾಡಬೇಕು.

ಎಲ್ಲಕ್ಕಿಂತ ಭಯ ಸಾರ್ಟಿಂಗ್‌ನದು. ಹೆಸರಿನ ಕಾಲಂ ಒಂದನ್ನೇ ಹಿಡಿದು ಎ ಟು ಝಡ್ ಒತ್ತಿದರೆ ಎಕ್ಸೆಲ್ ಕೇಳುತ್ತದೆ: ಪಕ್ಕದ ಕಾಲಂಗಳನ್ನೂ ಸೇರಿಸಿಕೊಳ್ಳಲೇ, ಅಥವಾ ಹಿಡಿದದ್ದನ್ನಷ್ಟೇ ಜೋಡಿಸಲೇ? ಎರಡನೆಯದನ್ನು ಒತ್ತಿದರೆ ಹೆಸರುಗಳು ಮಾತ್ರ ಜಾಗ ಬದಲಿಸುತ್ತವೆ, ಖಾತೆ ಸಂಖ್ಯೆಗಳು ಇದ್ದಲ್ಲೇ ಉಳಿಯುತ್ತವೆ. ಹಾಳೆ ನೋಡಲು ಮೊದಲಿಗಿಂತ ಚೆಂದ. ಹಾಲು ಹಾಕಿದ್ದು ಒಬ್ಬರು, ದುಡ್ಡು ಹೋಗುವುದು ಇನ್ನೊಬ್ಬರಿಗೆ. ಆ ಕ್ಷಣವೇ ಕಂಟ್ರೋಲ್ ಝಡ್ ಒತ್ತಿದರೆ ಸರಿಹೋಗುತ್ತದೆ. ಸೇವ್ ಮಾಡಿ ಮುಚ್ಚಿದ ಮೇಲೆ ಅದೂ ಕೈಕೊಡುತ್ತದೆ. ಅದಕ್ಕೇ ಸಾರ್ಟ್ ಮಾಡುವ ಮುಂಚೆ ಎಫ್12 ಒತ್ತಿ ಆ ದಿನದ ತಾರೀಕಿನ ಹೆಸರಿನಲ್ಲಿ ಒಂದು ಪ್ರತಿ ತೆಗೆದಿಡುವುದು. ಮೊದಲ ಕಾಲಂನಲ್ಲಿ 1, 2, 3 ಎಂದು ಕ್ರಮಸಂಖ್ಯೆ ಹಾಕಿಟ್ಟು, ಪೂರ್ತಿ ಪಟ್ಟಿಯನ್ನೇ ಹಿಡಿದು ಸಾರ್ಟ್ ಮಾಡುವ ಅಭ್ಯಾಸವಿದ್ದರೆ ಯಾವಾಗ ಬೇಕಾದರೂ ಹಳೆಯ ಸಾಲಿಗೆ ಮರಳಬಹುದು.

ಮಿಕ್ಕ ಸಣ್ಣಪುಟ್ಟವು

ಇಳಿಸಿದ ಆಧಾರ್ ಪಿಡಿಎಫ್ ಪಾಸ್‌ವರ್ಡ್ ಕೇಳುತ್ತದೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಮುಂದೆ ಹುಟ್ಟಿದ ವರ್ಷ. ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಇರುವುದರಿಂದ ಇಲ್ಲಿ ಎಡವುತ್ತಾರೆ: ಆಧಾರ್‌ನಲ್ಲಿ ಇನಿಷಿಯಲ್ ಆದ ಮೇಲೆ ಚುಕ್ಕಿ ಇದ್ದರೆ ಚುಕ್ಕಿಯೂ ನಾಲ್ಕರಲ್ಲಿ ಒಂದು, ನಡುವಿನ ಖಾಲಿ ಜಾಗಕ್ಕೆ ಲೆಕ್ಕವಿಲ್ಲ. ಪ್ರಿಂಟ್ ಕೊಡುವಾಗ ಕಾಗದದ ಅಳತೆ ಲೆಟರ್ ಎಂದಿದೆಯೋ ಎ4 ಎಂದಿದೆಯೋ ನೋಡಿ. ಎ4 ಉದ್ದ 297 ಮಿಮೀ, ಲೆಟರ್ ಅದಕ್ಕಿಂತ ಸುಮಾರು 18 ಮಿಮೀ ಗಿಡ್ಡ. ಅರ್ಜಿಯ ಕೊನೆಯ ಒಂದು ಸಾಲು ಎರಡನೇ ಹಾಳೆಗೆ ಹಾರುವುದಕ್ಕೆ ಬಹಳ ಸಲ ಇದೇ ಕಾರಣ. ಸೈಬರ್ ಸೆಂಟರ್‌ನಲ್ಲಿ ಕ್ರೋಮ್ ಅಥವಾ ಎಡ್ಜ್ ತೆರೆದು ಕಂಟ್ರೋಲ್ ಶಿಫ್ಟ್ ಎನ್ ಒತ್ತಿ ಖಾಸಗಿ ಕಿಟಕಿಯಲ್ಲಿ ಕೆಲಸ ಮಾಡಿ, ಮುಗಿದ ಮೇಲೆ ಅದನ್ನು ಮುಚ್ಚಿದರೆ ಲಾಗಿನ್ ಉಳಿಯುವುದಿಲ್ಲ. ಆದರೆ ಇಳಿಸಿದ ಫೈಲು ಡೌನ್‌ಲೋಡ್ಸ್‌ನಲ್ಲಿ ಉಳಿದೇ ಉಳಿಯುತ್ತದೆ, ಶಿಫ್ಟ್ ಹಿಡಿದು ಡಿಲೀಟ್ ಒತ್ತಿಯೇ ಏಳಬೇಕು. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ ಕರೆ ಮಾಡಬೇಕಾದ ಸೈಬರ್ ಅಪರಾಧ ಸಹಾಯವಾಣಿಯ ಸಂಖ್ಯೆ 1930, ತಡಮಾಡದೆ.

ಯಂತ್ರ, ಕೋರ್ಸು

ಕಲಿಯಲು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಧಾರಾಳ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತರುವವರು ಒಂದು ವಿಷಯ ನೋಡಿಕೊಳ್ಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಐ5 ಎಂದ ಮೇಲೆ ಬರುವ ಸಂಖ್ಯೆ 7200ರಂತೆ 7ರಿಂದ ಶುರುವಾದರೆ ಏಳನೆಯದು, 8250ರಂತೆ ಇದ್ದರೆ ಎಂಟನೆಯದು. ಅಂಗಡಿಯವರು ‘ಐ5 ಇದೆ ಸಾರ್’ ಎಂದಷ್ಟೇ ಹೇಳುತ್ತಾರೆ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಇದ್ದರೆ ಯಂತ್ರ ಎಳೆದಾಡುವುದಿಲ್ಲ. ವರ್ಡ್, ಎಕ್ಸೆಲ್ ಇರುವ ಮೈಕ್ರೋಸಾಫ್ಟ್ ಆಫೀಸ್‌ಗೆ ದುಡ್ಡು ಕೊಡಲಾಗದಿದ್ದರೆ ಲಿಬ್ರೆಆಫೀಸ್ ಪುಕ್ಕಟೆ. ಕದ್ದ ಪ್ರತಿ ಹಾಕಿಸಿಕೊಂಡು ಅದರ ಜೊತೆ ವೈರಸ್ ತರುವುದಕ್ಕಿಂತ ವಾಸಿ.

ಕೋರ್ಸಿಗೆ ಸೇರುವವರು ಮಾತ್ರ ಅಲ್ಲಿ ಒಂದು ಮಾತು ಕೇಳಿ ನೋಡಿ: ನಮ್ಮದೇ ಅಂಕಪಟ್ಟಿ, ನಮ್ಮದೇ ಅಂಗಡಿ ಲೆಕ್ಕ, ನಮ್ಮದೇ ಅರ್ಜಿ ತಂದು ಅಭ್ಯಾಸ ಮಾಡಬಹುದಾ? ಪೆನ್‌ಡ್ರೈವ್ ಬೇಡ, ವೈರಸ್ ಬರುತ್ತದೆ ಎನ್ನಬಹುದು. ಆ ಭಯ ಸುಳ್ಳಲ್ಲ. ಹತ್ತಾರು ಕೈ ಮುಟ್ಟುವ ಯಂತ್ರಕ್ಕೆ ಚುಚ್ಚಿದ ಪೆನ್‌ಡ್ರೈವ್‌ನಲ್ಲಿ ಫೋಲ್ಡರುಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್ ಕಾಣುವ ಕಾಯಿಲೆ ಇನ್ನೂ ಇದೆ. ಆ ಶಾರ್ಟ್‌ಕಟ್ ಮೇಲೆ ಡಬಲ್ ಕ್ಲಿಕ್ ಮಾಡಬಾರದು. ಫೈಲುಗಳು ಸಾಮಾನ್ಯವಾಗಿ ಅಳಿಸಿರುವುದಿಲ್ಲ, ಅಡಗಿರುತ್ತವೆ; ವ್ಯೂ, ಶೋ, ಹಿಡನ್ ಐಟಮ್ಸ್ ಒತ್ತಿದರೆ ಮಸುಕಾಗಿ ಕಾಣಬಹುದು. ಆಗಲೂ ಕಾಣದಿದ್ದರೆ ಹತಾಶರಾಗಿ ಫಾರ್ಮ್ಯಾಟ್ ಮಾಡಬೇಡಿ, ತಿಳಿದವರಿಗೆ ತೋರಿಸಿ. ಇದೆಲ್ಲ ತಲೆನೋವೇ ಬೇಡ ಎಂದರೆ ಬೇಕಾದ ಫೈಲನ್ನು ನಿಮಗೆ ನೀವೇ ಇಮೇಲ್ ಮಾಡಿಕೊಂಡು ಅಲ್ಲಿ ಇಳಿಸಿಕೊಳ್ಳಿ. ಎಲ್ಲಿಗೆ ಇಳಿಯಿತು ಎಂದು ಹುಡುಕುವುದೂ ಅಭ್ಯಾಸದಲ್ಲೇ ಸೇರಿತು.